ಬರ್ತೀನಿ ಅನ್ನದವರ ಊರು

ನಮ್ಮ ಮನೆಯ ಬಾಗಿಲಲ್ಲಿ ಒಂದು ಚೆಕ್‌ಪೋಸ್ಟ್ ಇದೆ. ಅದರ ಹೆಸರು ವಿರೂಪಾಕ್ಷಮ್ಮ, ನನ್ನ ಅತ್ತೆ. ಬೆಳಗ್ಗೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತರೆಂದರೆ ಅವರ ಕಣ್ಣು ತಪ್ಪಿಸಿ ಒಂದು ಬೆಕ್ಕೂ ಹೊರಗೆ ಹೋಗುವಂತಿಲ್ಲ. ವ್ಯಾಪಾರಕ್ಕೆ ಹೊರಟ ಗಂಡಸನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಲೇಬೇಕಿದ್ದರೆ 'ದೂರ ಹೊಂಟೀರೇನು' ಅನ್ನಬೇಕು. ಹೊರಟವನು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಇದರಲ್ಲಿ ಒಂದು ತಪ್ಪಿದರೂ ಚಪ್ಪಲಿ ಬಿಚ್ಚಿಸಿ, ಒಳಗೆ ಕರೆದು, ಕೂಡಿಸಿ, ನೀರು ಕುಡಿಸಿ, ಹೊಸದಾಗಿ ಹೊರಡಿಸುತ್ತಾರೆ. ಗಂಗಾವತಿಯಲ್ಲಿ ಎಲ್ಲರ ಮನೆಯಲ್ಲೂ ಈ ರೂಢಿ ಇದೆ, ಆದರೆ ಎಲ್ಲರ ಮನೆಯಲ್ಲೂ ಅದಕ್ಕೊಬ್ಬ ಪೊಲೀಸು ಇಲ್ಲ. ಗ್ಯಾಸ್ ಸಿಲಿಂಡರ್ ತರುವವನು ಕೂಡ ನಮ್ಮ ಓಣಿಯಲ್ಲಿ 'ಬರ್ತೀನ್ರಿ ಅಮ್ಮಾರ' ಅಂತ ಕೂಗಿಯೇ ಗಾಡಿ ತಿರುಗಿಸುತ್ತಾನೆ.

ನಾನು ಬಿ.ಎ. ಓದಿದವಳು. ಇದನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದೆ. ಹೊರಗೆ ನಕ್ಕರೆ ದಿನವಿಡೀ ಅವರ ಜೊತೆ ಇರಬೇಕಾದವಳು ನಾನೇ ತಾನೆ. ನನ್ನ ಗಂಡ ಕೊಟ್ರೇಶ ಅಕ್ಕಿ ದಲಾಲಿ. ಮಿಲ್ಲುಗಳ ಅಕ್ಕಿಯ ಮಾದರಿಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ, ಅವರ ಮಾತಿನಲ್ಲಿ ಚೀಟಿನಲ್ಲಿ, ಕಟ್ಟಿ, ಅಂಗಿಯ ಜೇಬಿಗೆ ಹಾಕಿಕೊಂಡು ಬೈಕಿನ ಮೇಲೆ ಊರೂರು ತಿರುಗುತ್ತಾನೆ. ಇವತ್ತು ಸಿದ್ದಾಪುರ, ನಾಳೆ ಕೊಪ್ಪಳ, ನಾಡಿದ್ದು ಕುಷ್ಟಗಿ. ಗಂಡನ ಹೆಸರು ಹಿಡಿದು ಬರೆಯುತ್ತಿದ್ದೇನೆ ನೋಡಿ, ಎದುರಿಗೆ ಕರೆಯುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ನನಗೆ ಇಟಾಲಿಯನ್ ಬಂದದ್ದು ರೊಟ್ಟಿಯ ದೆಸೆಯಿಂದ. ಪಕ್ಕದ ಮನೆಯ ಹಂಪಣ್ಣ ಕಾಕಾ ತಮ್ಮ ರೈಸ್ ಮಿಲ್ಲಿಗೆ ಕಪ್ಪು ಕಾಳು ಆರಿಸುವ ಹೊಸ ಮಷಿನ್ ತರಿಸಿದಾಗ, ಅದನ್ನು ಕೂಡಿಸಿ ಕೊಡಲು ಇಟಲಿಯಿಂದ ರೆಂಜೊ ಎಂಬ ಮೆಕ್ಯಾನಿಕ್ ಬಂದಿದ್ದ. ಲಾಡ್ಜಿನ ಊಟ ಹೊಟ್ಟೆಗೆ ಆಗದೆ ನಮ್ಮ ಮೇಲಿನ ಕೋಣೆಯಲ್ಲಿ ಉಳಿದುಕೊಂಡ. ಅವನ ಊರಲ್ಲೂ ಭತ್ತ ಬೆಳೆಯುತ್ತಾರಂತೆ. ಮರಳಿ ಎಂಬ ಹಳ್ಳಿಯ ಕಡೆಯ ಗದ್ದೆಗಳಲ್ಲಿ ನೀರು ನಿಂತದ್ದನ್ನು ನೋಡಿ ಒಂದು ದಿನ ಊಟದ ತಟ್ಟೆಯ ಮುಂದೆ ಅತ್ತೇಬಿಟ್ಟ. ನಾನು ರೊಟ್ಟಿ ಹಾಕುತ್ತ ಇದಕ್ಕೇನಂತಾರೆ, ಅದಕ್ಕೇನಂತಾರೆ ಎಂದು ಕೇಳುತ್ತ ಹೋದೆ. ಅವನು ಊರಿಗೆ ವಾಪಸಾದ ಮೇಲೂ ಹಠ ಹಿಡಿದು ಫೋನಿನಲ್ಲಿ ಕಲಿತೆ.

"ಇಟಲಿ ಮಂದಿಗೆ ಸೊಸಿ ಆಗಾಕಿ ಇದ್ದೇನು?" ಎಂದು ಕೊಟ್ರೇಶ ಕಿಚಾಯಿಸುತ್ತಿದ್ದ.

"ಆಗ್ತಿದ್ದೆ, ನಿಮ್ಮವ್ವ ಬಾಗಿಲಾ ದಾಟಾಕ ಬಿಟ್ಟಿದ್ರ," ಎನ್ನುತ್ತಿದ್ದೆ.

ಆ ಹಠಕ್ಕೆ ಕೆಲಸವೂ ಸಿಕ್ಕಿತು. ಹನುಮಸಾಗರದ ದೀಪಿಕಾ ಎಂಬ ಹುಡುಗಿ ಪುಣೆಯ ಒಂದು ಕಂಪನಿಯಲ್ಲಿದ್ದಾಳೆ. ಫೋನಿನಲ್ಲಿ ಭಾಷೆ ಕಲಿಯುವವರಿಗೆ ಪಾಠ ತಯಾರು ಮಾಡುವ ಕಂಪನಿ ಅದು. ಬೆಳಗ್ಗೆ ಪಾಠ ತೆರೆಯುತ್ತದೆ. ಮೇಲೆ ಇಟಾಲಿಯನ್ ವಾಕ್ಯ, ಕೆಳಗೆ ಖಾಲಿ ಚೌಕ. ಚೌಕದಲ್ಲಿ ನಾನು ಇಂಗ್ಲಿಷಿನಲ್ಲಿ ಬರೆಯಬೇಕು, ದೀಪಿಕಾ ಅದನ್ನು ನೋಡಿ ಹಸಿರು ಗುರುತು ಹಾಕಬೇಕು. ತಪ್ಪಿದ್ದರೆ ಕೆಂಪು. ಮಧ್ಯಾಹ್ನ ಹನ್ನೆರಡಕ್ಕೆ ಪಾಠ ಮುಚ್ಚಿಹೋಗುತ್ತದೆ. ಹಣ್ಣಿನ ಪಾಠ, ಬಣ್ಣದ ಪಾಠ, ಬಂಧು-ಬಳಗದ ಪಾಠ ಎಲ್ಲ ಮುಗಿಸಿ ಈ ಸಲ ನನಗೆ ಬಂದದ್ದು ನಗರಗಳ ಮತ್ತು ವ್ಯಾಪಾರಸ್ಥರ ಪಾಠ. ಚಿತ್ತಾ ಅಂದರೆ ನಗರ. ಉವೋಮೊ ದಾಫ್ಫಾರಿ ಅಂದರೆ ವ್ಯಾಪಾರಸ್ಥ.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ರೋಮ್ ಹಳೆಯ ನಗರ. ವ್ಯಾಪಾರಸ್ಥ ಬೆಳಗ್ಗೆ ಕಾಫಿ ಕುಡಿಯುತ್ತಾನೆ. ಆಮೇಲೆ ಹೆಸರೇ ಇಲ್ಲದ ಒಂದು ನಗರ ಶುರುವಾಯಿತು. 'ಈ ನಗರಕ್ಕೆ ಹೋಗುವ ದಾರಿಯಲ್ಲಿ ಕಲ್ಲಿನ ಬೆಟ್ಟಗಳಿವೆ.' 'ಈ ನಗರದಲ್ಲಿ ನೆರಳು ಬಹಳ.' 'ಈ ನಗರದಲ್ಲಿ ಯಾರೂ ಯಾರನ್ನೂ ಎಲ್ಲಿಗೆ ಎಂದು ಕೇಳುವುದಿಲ್ಲ.' ನಮ್ಮ ಅತ್ತೆಗೆ ಹೇಳಿಮಾಡಿಸಿದ ಊರು ಎಂದುಕೊಂಡು ನಕ್ಕು, ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಒಂದು ದಿನ ಹೀಗೆ ಬಂತು: 'ಬಿಳಿ ಕಾರಿನ ವ್ಯಾಪಾರಸ್ಥ ಚಹಾದಂಗಡಿಯಲ್ಲಿ ಕನ್ನಡಕ ಮರೆಯುತ್ತಾನೆ.' ಅದನ್ನು ಕಳಿಸಿ ಇನ್ನೂ ಅಡುಗೆಮನೆಗೆ ಹೋಗಿರಲಿಲ್ಲ, ಹಂಪಣ್ಣ ಕಾಕಾ ಬಂದು ಕಟ್ಟೆಯ ಹತ್ತಿರ ನಿಂತರು.

"ತಂಗೀ, ನನ್ನ ಚಾಳೀಸು ಇಲ್ಲೇನರ ಬಿಟ್ಟೇನೇನು ನೋಡವಾ."

"ಚಾದ ಅಂಗಡ್ಯಾಗ ಬಿಟ್ಟೀರಿ ನೋಡ್ರಿ ಕಾಕಾ," ಎಂದು ನಾನು ಚೇಷ್ಟೆಗೆ ಹೇಳಿದೆ. ಕನ್ನಡಕ ಅಲ್ಲಿಯೇ ಸಿಕ್ಕಿತು. ಕಾಕಾ ಕನ್ನಡಕ ಮರೆಯದ ಅಂಗಡಿ ಊರಲ್ಲಿ ಇರಲಿಲ್ಲ, ಅವರ ಕಾರು ಮೊದಲಿನಿಂದ ಬಿಳಿಯೇ. ಹಾಗಾಗಿ ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೊಟ್ರೇಶನಿಗೆ ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸಿ ಬೆಲೆ ಹೇಳುವುದನ್ನು ಕಲಿಸಿದವರು ಅವರೇ. ನಮ್ಮ ಮನೆಗೆ ಹಿರಿಯರು ಅಂತ ಇದ್ದದ್ದು ಅತ್ತೆ ಮತ್ತು ಅವರು.

ಮರುದಿನದ ಪಾಠದಲ್ಲಿ ಒಂದು ವಾಕ್ಯ ಹೀಗಿತ್ತು: 'ಬಿಳಿ ಕಾರಿನ ವ್ಯಾಪಾರಸ್ಥ ನಗರಕ್ಕೆ ಹೋಗುತ್ತಾನೆ.' ನಾಲ್ಕೇ ಪದದ ಕೆಲಸ. 'ಗೋಸ್ ಟು ದಿ ಸಿಟಿ' ಎಂದು ಬರೆದು, ಕುಕ್ಕರ್ ಕೂಗಿತೆಂದು ಎದ್ದುಹೋದೆ.

ಆ ದಿನ ಹಂಪಣ್ಣ ಕಾಕಾ ಕುಷ್ಟಗಿಗೆ ಹೊರಟವರು ಮನೆಗೆ ಬರಲಿಲ್ಲ.

ಕಾರನ್ನು ಮೊದಲು ನೋಡಿದ್ದು ಫಕ್ರುದ್ದೀನ. ಅವನು ಕಾಕಾನ ಮಿಲ್ಲಿನ ಅಕ್ಕಿಯನ್ನೇ ಲಾರಿಯಲ್ಲಿ ಒಯ್ಯುವವನು. ಸಂಜೆ ಕಾಕಾನ ಮನೆಯ ಅಂಗಳದಲ್ಲಿ ಜನ ಕೂಡಿದ್ದರು. ಅವನು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ: "ತಾವರಗೇರಾ ದಾಟಿದ ಮ್ಯಾಲೆ ರಸ್ತಾದ ಬಾಜೂಕ ನಿಂತಿತ್ರಿ. ಗಾಡಿ ಚಾಲೂ ಇತ್ತು, ಎಸಿ ತಣ್ಣಗ ಬರಾಕತ್ತಿತ್ತು. ಗಾಡಿಯಾಗಿನ ಚಾದ ಕಪ್ಪು ಮುಟ್ಟಿ ನೋಡಿದೆ, ಇನ್ನೂ ಬಿಸಿ ಇತ್ರಿ. ಸಾವಕಾರ್ರಾ, ಸಾವಕಾರ್ರಾ ಅಂತ ಒದರಿದೆ. ಖುಲ್ಲಾ ಬಯಲ್ರಿ ಅದು. ಮರ್ಯಾಗ ನಿಲ್ಲಾಕ ಒಂದು ಗಿಡಾ ಇಲ್ಲ. ಅಲ್ಲಿಂದ ಮನಷ್ಯಾ ಎಲ್ಲಿಗಂತ ಹೋಗ್ತಾನ?"

ಪೊಲೀಸರು ಬಂದರು, ನಾಯಿ ಬಂತು, ಕಾಲುವೆಯನ್ನು ಜಾಲಾಡಿದರು. ಕಾಕಾನಿಗೆ ವೈರಿಗಳಿರಲಿಲ್ಲ, ಬೇನೆ ಇರಲಿಲ್ಲ, ಬಿಟ್ಟುಹೋಗುವ ಕಾರಣವೂ ಇರಲಿಲ್ಲ. ಅವರ ಹೆಂಡತಿ ಸುರೇಖಾ ಕಾಕಿ ಅಳುವುದನ್ನೂ ಮರೆತು, ಬಂದವರಿಗೆಲ್ಲ ಅವರ ಕನ್ನಡಕ ತೋರಿಸುತ್ತಿದ್ದರು. ಆ ದಿನವೂ ಕಾಕಾ ಅದನ್ನು ಮರೆತು ಹೋಗಿದ್ದರು.

ಅತ್ತೆ ಮಾತ್ರ ಕಾರಣ ಗೊತ್ತಿದ್ದವರಂತೆ ಕೂತು ನನಗೆ ಹೇಳಿದರು. "ಅಂವ ಫೋನ್ ಕಿವಿಗೆ ಹಚ್ಚಿಕೊಂಡು ಹೊಂಟೆ, ಹೊಂಟೆ ಅನಕೋತ ಗಾಡಿ ಹತ್ತಿದ. ಆ ಫೋನಿನ್ಯಾಗಿನವಗ ಹೊಂಟೆ ಅಂದ, ಮನಿಯಾಗಿನಾಕಿಗೆ ಬರ್ತೀನಿ ಅನಲಿಲ್ಲ. ನಾ ಕೂಗಿದೆ ಶಿವಲೀಲಾ, ಗ್ಲಾಸ್ ಏರಿಸಿಬಿಟ್ಟಿದ್ದ."

ಅವರ ಮಾತಿಗೆ ಮೊದಲ ಸಲ ನನಗೆ ನಗು ಬರಲಿಲ್ಲ. ಕೋಣೆಗೆ ಹೋಗಿ ಫೋನ್ ತೆಗೆದೆ. ನನ್ನ 'ಗೋಸ್' ಅಲ್ಲೇ ಇತ್ತು, ಪಕ್ಕದಲ್ಲಿ ಹಸಿರು ಗುರುತು. ಮರುದಿನ ಬೆಳಗ್ಗೆ ಹೊಸ ಪಾಠ ತೆರೆಯಿತು. 'ಬಿಳಿ ಕಾರಿನ ವ್ಯಾಪಾರಸ್ಥನಿಗೆ ನಗರದಲ್ಲಿ ಬಹಳ ಗೆಳೆಯರಿದ್ದಾರೆ.' 'ಅವನು ಚೆನ್ನಾಗಿದ್ದಾನೆ.' 'ಅವನಿಗೆ ತನ್ನ ಹಳೆಯ ನಗರದ ಹೆಸರು ನೆನಪಿಲ್ಲ.'

ದೀಪಿಕಾಗೆ ಫೋನ್ ಮಾಡಿ, ಈ ವಾಕ್ಯಗಳನ್ನು ಯಾರು ಬರೆಯುತ್ತಾರೆ ಎಂದು ಕೇಳಿದೆ.

"ಗೊತ್ತಿಲ್ರಿ ಅಕ್ಕಾರ. ಅಲ್ಲಿಂದ ಬರ್ತಾವ, ನಾವು ನೋಡ್ತೀವಿ. ಯಾಕ್ರಿ?"

ಏನೆಂದು ಹೇಳಲಿ? ಪಾಠದಲ್ಲಿ ನಮ್ಮ ಕಾಕಾ ಇದ್ದಾರೆ ಅಂದರೆ, ಮನೆಯಲ್ಲಿ ಕೂತು ಕೂತು ಈಕೆಗೆ ತಲೆ ಕೆಟ್ಟಿದೆ ಅನ್ನುತ್ತಾಳೆ. ಏನಿಲ್ಲ ಎಂದು ಫೋನ್ ಇಟ್ಟೆ. ಸುರೇಖಾ ಕಾಕಿಗೆ ಹೇಳುವ ಧೈರ್ಯವೂ ಬರಲಿಲ್ಲ. ಚೆನ್ನಾಗಿದ್ದಾರಂತೆ, ಆದರೆ ನಿಮ್ಮ ಊರಿನ ಹೆಸರು ಮರೆತಿದ್ದಾರಂತೆ ಎಂದು ಯಾವ ಬಾಯಿಂದ ಹೇಳುವುದು?

ಕೆಲಸ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಬಿಟ್ಟರೆ ಕಾಕಾನ ಸುದ್ದಿ ಬರುವ ಒಂದು ಕಿಂಡಿಯೂ ಮುಚ್ಚುತ್ತದೆ ಅನ್ನಿಸಿತು. ಆದರೆ ಕಾಕಾನ ಸುದ್ದಿ ಅಷ್ಟಕ್ಕೇ ನಿಂತಿತು. ಬದಲಿಗೆ, 'ನಗರಕ್ಕೆ ಇನ್ನೊಬ್ಬ ವ್ಯಾಪಾರಸ್ಥ ಬೇಕಾಗಿದ್ದಾನೆ' ಎಂದು ಬಂತು. ಅದರ ಮಾರನೆಯ ದಿನ, 'ಅವನ ಅಂಗಿಯ ಜೇಬಿನಲ್ಲಿ ಅಕ್ಕಿ ಇದೆ.'

ಊರಲ್ಲಿ ಅಕ್ಕಿ ದಲಾಲಿಗಳಿಗೇನು ಬರವೇ, ನೂರು ಜನರ ಜೇಬಿನಲ್ಲಿ ಅಕ್ಕಿ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ವಾಕ್ಯ, 'ಅವನ ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು ಇದೆ.' ಕೊಟ್ರೇಶ ಚಿಕ್ಕಂದಿನಲ್ಲಿ ಮಿಲ್ಲಿನ ಮೆಟ್ಟಿಲ ಮೇಲೆ ಬಿದ್ದು ಹುಬ್ಬು ಒಡೆದುಕೊಂಡಿದ್ದ. ಅದರ ಮುಂದಿನದನ್ನು ಓದಿದಾಗ ಫೋನನ್ನು ಹಾಸಿಗೆಯ ಮೇಲೆ ಎಸೆದು ಅಂಗಳಕ್ಕೆ ಬಂದು ನಿಂತೆ.

'ಅವನ ಹೆಂಡತಿಗೆ ನಮ್ಮ ಭಾಷೆ ಬರುತ್ತದೆ.'

ಬಿಸಿಲು ಚುರುಗುಟ್ಟುತ್ತಿತ್ತು. ಓಣಿಯಲ್ಲಿ ಎಲ್ಲ ಎಂದಿನಂತೆಯೇ ಇತ್ತು. ಮಿಲ್ಲಿನ ಸದ್ದು, ಒಣಹಾಕಿದ ಸಂಡಿಗೆ, ಕಾಗೆ ಓಡಿಸುತ್ತಿದ್ದ ಅತ್ತೆ. ಯಾರೋ ದೂರದಿಂದ ನನ್ನನ್ನು ಗುರುತು ಹಿಡಿದಿದ್ದಾರೆ ಎಂದು ಗೊತ್ತಾದಾಗ ಆಗುವ ಭಯ ಇದೆಯಲ್ಲ, ಅದು ಆಯಿತು.

ಗುರುವಾರ ಬೆಳಗ್ಗೆ ಪಾಠ ತೆರೆದರೆ ಇದ್ದದ್ದು ಒಂದೇ ವಾಕ್ಯ. 'ಜೇಬಿನಲ್ಲಿ ಅಕ್ಕಿ ಇರುವ ವ್ಯಾಪಾರಸ್ಥ ಇವತ್ತು ನಗರಕ್ಕೆ ಹೋಗುತ್ತಾನೆ.' ಹಿಂದಿನ ಕೋಣೆಯಲ್ಲಿ ಕೊಟ್ರೇಶ ಚೀಟುಗಳಿಗೆ ಅಕ್ಕಿ ತುಂಬುತ್ತಿದ್ದ. ಕುಷ್ಟಗಿಗೆ ಹೋಗಿ, ಅಲ್ಲಿಂದ ಹನುಮಸಾಗರದ ಕಿರಾಣಿ ಅಂಗಡಿಗಳಿಗೆ ಅಕ್ಕಿ ತೋರಿಸಿ ಬರುವುದಿತ್ತು. ಕಾಕಾ ಹೋದ ರಸ್ತೆಯೇ.

"ಇವತ್ತ ಬ್ಯಾಡ್ರಿ," ಅಂದೆ.

"ಯಾಕ?"

ಹೇಳಿದೆ. ಎಲ್ಲವನ್ನೂ ಹೇಳಿದೆ, ಫೋನ್ ತೋರಿಸಿದೆ. ಅವನಿಗೆ ಇಟಾಲಿಯನ್ ಬರದು, ನನ್ನ ಇಂಗ್ಲಿಷ್ ಓದಿದ. ಹಣೆಗೆ ಕೈ ಹಚ್ಚಿ ನೋಡಿದ, ಜ್ವರ ಬಂದಿದೆಯೇನೋ ಎಂದು. "ಕಾಕಾನ ಚಿಂತಿ ನಿನಗ ಭಾಳ ಹತ್ತೈತಿ, ಶಿವಲೀಲಾ. ಇಟಲ್ಯಾಗ ಯಾರಿಗೂ ಹುಬ್ಬ ಒಡದಿಲ್ಲೇನು? ಸಂಜಿಕ ಡಾಕ್ಟ್ರ ಕಡೆ ಹೋಗೂಣು."

"ಸಂಜಿಕ ನೀವ ಇರೂದಿಲ್ಲ!"

"ಎಂಥಾ ಮಾತು ಆಡ್ತಿ ಮುಂಜಮುಂಜಾನೆ!" ಅವನ ಮುಖ ಕೆಂಪಾಯಿತು. ಜೇಬಿಗೆ ಅಕ್ಕಿ ಹಾಕಿಕೊಂಡು ಹೊರಗೆ ನಡೆದ. ನಾನು ಹಿಂದೆಯೇ ಓಡಿದೆ. ಅವನನ್ನು ನಿಲ್ಲಿಸಲು ನನಗೆ ಆ ಹೊತ್ತಿಗೆ ಒಂದೇ ಉಪಾಯ ಹೊಳೆಯಿತು. ಬೈಕಿನ ಮುಂದೆ ನಿಂತು, ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ.

"ಎಲ್ಲಿಗೆ ಹೊಂಟೀರಿ?"

ಅತ್ತೆ ಕಟ್ಟೆಯಿಂದ ದಡಬಡ ಎದ್ದು ನಿಂತರು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಆ ಮಾತನ್ನು ನಾನು ಕೇಳಿಯೂ ಇರಲಿಲ್ಲ, ಆಡಿಯೂ ಇರಲಿಲ್ಲ. ನಿಯಮದ ಪ್ರಕಾರ ಅವನು ಈಗ ಇಳಿಯಬೇಕು, ಒಳಗೆ ಬಂದು ಕೂಡಬೇಕು, ನೀರು ಕುಡಿಯಬೇಕು. ಕೂತರೆ ಸಾಕು, ಉಳಿದದ್ದನ್ನು ಅತ್ತು ಕರೆದು ಸಾಧಿಸುತ್ತಿದ್ದೆ. ಆದರೆ ಅವನಿಗೆ ನನ್ನ ಹೂಟ ಗೊತ್ತಾಗಿಹೋಯಿತು.

"ಬೇಕಂತನ ಕೇಳಿದಿ," ಅಂದ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಅಸಹ್ಯವೇ ಹೆಚ್ಚಿತ್ತು. ಹೆಲ್ಮೆಟ್ ಹಾಕಿಕೊಂಡ, ಬೈಕನ್ನು ನನ್ನ ಬದಿಯಿಂದ ತಿರುಗಿಸಿದ, ಹೋದ. ಅತ್ತೆ ಓಣಿಯ ಮೂಲೆಯವರೆಗೂ ಸೆರಗು ಬೀಸುತ್ತ ಓಡಿದರು. "ಕೊಟ್ರ್ಯಾ! ಬರ್ತೀನಿ ಅನ್ನೋ! ಒಂದ ಸಲ ಅಂದು ಹೋಗೋ ನಮ್ಮಪ್ಪಾ!" ಹೆಲ್ಮೆಟ್ಟಿನೊಳಗೆ ಅವನಿಗೆ ಅದೇನು ಕೇಳಬೇಕು.

ಅವನು ಹಾಗೆ ಹೇಳದೆ ಹೋದದ್ದು ಅದೇ ಮೊದಲು. ಹೋಗುವಂತೆ ಮಾಡಿದವಳು ನಾನು.

ಅತ್ತೆ ವಾಪಸು ಬಂದು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೋರೆ ತೊಳೆದು, ದೇವರ ಜಗಲಿಯ ಮುಂದೆ ಕೂತು, ನನ್ನನ್ನು ಹತ್ತಿರ ಕರೆದರು. "ಅಂವ ಅನಲಿಲ್ಲ. ಹೋದಾಂವ ಅನಲಿಲ್ಲಂದ್ರ ಮನ್ಯಾಗ ಇದ್ದವರು ಅನಬೇಕು ತಂಗಿ. ಅವನ ಬದಲಿ ನೀ ಅನ್ನು."

"ಹೋಗಿ ಬರ್ತಾರ," ಅಂದೆ. ಅತ್ತೆ ಇನ್ನೊಮ್ಮೆ ಅನ್ನಿಸಿದರು. ಅಂದೆ. ಅನ್ನುತ್ತಿದ್ದ ಹಾಗೆಯೇ, ಇದನ್ನು ಹೇಳಬೇಕಾದ ಜಾಗ ದೇವರ ಜಗಲಿಯ ಮುಂದೆ ಅಲ್ಲ ಎಂದು ಹೊಳೆಯಿತು.

ಚೌಕ ಖಾಲಿಯೇ ಇತ್ತು. ಖಾಲಿ ಬಿಟ್ಟರೆ ಹನ್ನೆರಡಕ್ಕೆ ಕಂಪನಿಯ ಮಷಿನ್ ತಾನೇ ತುಂಬುತ್ತದೆ ಎಂದು ದೀಪಿಕಾ ಹಿಂದೆಯೇ ಹೇಳಿದ್ದಳು. ಮಷಿನ್ನಿಗೆ ಅತ್ತೆಯೂ ಗೊತ್ತಿಲ್ಲ, ಕಟ್ಟೆಯೂ ಗೊತ್ತಿಲ್ಲ, ಅದು 'ಗೋಸ್' ಎಂದೇ ಬರೆಯುತ್ತದೆ. ನಾನು 'ಗೋಸ್ ಅಂಡ್ ಕಮ್ಸ್' ಎಂದು ಬರೆದು ಕಳಿಸಿದೆ. ಹೋಗಿ ಬರುತ್ತಾನೆ.

ಸ್ವಲ್ಪ ಹೊತ್ತಿಗೆ ಕೆಂಪು ಗುರುತು ಬಂತು. ಕೆಳಗೆ, ಮೂಲದಲ್ಲಿ ಇಲ್ಲದ್ದನ್ನು ಸೇರಿಸಬೇಡಿ ಎಂಬ ಸೂಚನೆ. ಮತ್ತೆ ಅದನ್ನೇ ಕಳಿಸಿದೆ. ಮತ್ತೆ ಕೆಂಪು.

ಕೊಟ್ರೇಶನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಾಗ ಯಾರೋ ಎತ್ತಿದರು. ಒಳಗೆ ಬಹಳ ಜನ ಇದ್ದ ಹಾಗಿತ್ತು. ಗಂಡಸರ ಮಾತು, ಕುರ್ಚಿ ಎಳೆಯುವ ಸದ್ದು, ಕಾಳು ಸುರಿಯುವ ಸದ್ದು. ಎಲ್ಲ ತಂಪಾದ ಜಾಗದಿಂದ ಬಂದಂತೆ ಕೇಳುತ್ತಿತ್ತು.

"ಪ್ರೊಂತೊ," ಅಂತು ಒಂದು ಗಂಡಸಿನ ಧ್ವನಿ, ಬಹಳ ಮರ್ಯಾದೆಯಿಂದ. ಇಟಲಿಯವರು ಫೋನಿನಲ್ಲಿ ಹಲೋ ಅನ್ನುವುದು ಹಾಗೆ.

ನನಗೆ ಬರುವ ಇಟಾಲಿಯನ್ ಎಲ್ಲ ಮರೆತುಹೋಯಿತು. "ನಮ್ಮ ಮನಿಯವ್ರು ಎಲ್ಲಿ ಅದಾರ?" ಎಂದು ಕನ್ನಡದಲ್ಲೇ ಚೀರಿದೆ.

ಅಲ್ಲಿ ಎಲ್ಲ ಸದ್ದು ಒಮ್ಮೆಲೇ ನಿಂತಿತು. ಮಾತು, ಕುರ್ಚಿ, ಕಾಳು, ಎಲ್ಲ. ಎಷ್ಟೋ ಜನ ತಿರುಗಿ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದೇ ಬಂತು.

ದೀಪಿಕಾ ತಾನೇ ಫೋನ್ ಮಾಡಿದಳು. "ಅಕ್ಕಾರ, ಏನ್ರಿ ಇದು? ಮೂಲದಾಗ ಬರೇ ಹೋಗ್ತಾನ ಅಂತ ಐತಿ. ಕಮ್ಸ್ ಎಲ್ಲಿಂದ ತಂದ್ರಿ?"

"ನಮ್ಮ ಕಡೆ ಯಾರರ ಬರೇ ಹೋಗ್ತಾನ ಅಂತಾರೇನು? ನೀನೂ ಇಲ್ಲಿಯಾಕಿನ ಅಲ್ಲ?"

"ಕಲಿಯೂ ಮಂದಿ ಇಲ್ಲಿಯವರಲ್ಲಲ್ರಿ. ನಾ ಇದಕ್ಕ ಹಸಿರು ಹಾಕಿದ್ರ ಮ್ಯಾಲಿನವರು ನನ್ನ ಕೇಳ್ತಾರ."

ಹೇಳಿಬಿಟ್ಟೆ. ಕಾಕಾ, ಬಿಳಿ ಕಾರು, ಹುಬ್ಬಿನ ಗುರುತು, ಆ ಪ್ರೊಂತೊ. ನಡುವೆ ಅತ್ತುಬಿಟ್ಟೆ, ಬಯ್ದೆ, ಬೇಡಿಕೊಂಡೆ. ಹನ್ನೆರಡು ಆಗುವುದಕ್ಕೆ ಹೆಚ್ಚು ಹೊತ್ತಿರಲಿಲ್ಲ. ಅವಳು ಕೀಲಿಮಣೆ ಕುಟ್ಟುತ್ತಲೇ ಕೇಳುತ್ತಿದ್ದಳು. ಕೊನೆಗೆ ಸಿಟ್ಟಿನಲ್ಲಿ, "ನಿಮ್ಮಪ್ಪ ಮನಿ ಬಿಟ್ಟು ಹೊಂಟಾಗ ಏನಂತಾರವಾ?" ಎಂದು ಕೇಳಿದೆ.

ಕೀಲಿಮಣೆಯ ಸದ್ದು ನಿಂತಿತು.

"ಏನೂ ಅನಲಿಲ್ರಿ," ಅಂದಳು. "ನಾ ಸಾಲ್ಯಾಗ ಇದ್ದೆ, ಅವ್ವ ಹೊಲದಾಗ ಇದ್ದಳು. ಎತ್ತು ಮಾರಿ ಬರಾಕ ಯಲಬುರ್ಗಾ ಸಂತಿಗೆ ಹೋದ. ಮನ್ಯಾಗ ಯಾರಿದ್ರು ಹೇಳಾಕ? ಎತ್ತು ತಾನ ಮನಿಗೆ ಬಂತ್ರಿ. ಅಪ್ಪ ಬರಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ನನ್ನ ವಾಕ್ಯದ ಪಕ್ಕದಲ್ಲಿ ಹಸಿರು ಗುರುತು ಮೂಡಿತು, ಪಾಠ ಮುಚ್ಚಿತು.

ಆಮೇಲಿನ ಹೊತ್ತನ್ನು ನಾನೂ ಅತ್ತೆಯೂ ಹೇಗೆ ಕಳೆದೆವೋ ನಮಗೇ ಗೊತ್ತು. ಅಡುಗೆ ಮಾಡಿದೆ, ಯಾರೂ ಉಣ್ಣಲಿಲ್ಲ. ಸುರೇಖಾ ಕಾಕಿ ಒಮ್ಮೆ ಬಂದು ಬಾಗಿಲಲ್ಲಿ ನಿಂತು, ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ವಾಪಸು ಹೋದರು. ಅವರಿಗೆ ಆ ಮುಖಗಳ ಪರಿಚಯ ಇತ್ತು. ನಾನು ಕಾಕಾನ ವಾಕ್ಯದಲ್ಲೂ ಆ ಒಂದು ಪದ ಸೇರಿಸಿದ್ದರೆ ಎಂದು ಯೋಚನೆ ಬಂತು. ಆದರೆ ಆಗ ನನ್ನ ಗಂಡ ಬರಲಿ, ನನ್ನ ಗಂಡ ಬರಲಿ ಎಂಬುದೊಂದೇ ಜಪವಾಗಿತ್ತು. ಕಾಕಾನ ದುಃಖಕ್ಕೆ ಜಾಗ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಬೈಕಿನ ಸದ್ದಾಯಿತು.

ಅವನೇ. ಧೂಳಿಲ್ಲ, ಬೆವರಿಲ್ಲ, ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಗೆಯೇ ಇತ್ತು. ನಾನು ನಾಚಿಕೆ ಬಿಟ್ಟು ಅಂಗಳದಲ್ಲೇ ಅವನ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ಅತ್ತೆ ಮಗನ ಮೋರೆಯ ಮೇಲೆಲ್ಲ ಕೈಯಾಡಿಸಿ, ಒಳಗೆ ಕರೆದು ಕೂಡಿಸಿದರು. ತಟ್ಟೆಯಲ್ಲಿ ರೊಟ್ಟಿ ಹಾಕಿದೆ.

"ಹನುಮಸಾಗರ ಮುಟ್ಟಲೇ ಇಲ್ಲ," ಅಂದ ಅವನು. ಬೆಳಗಿನ ಜಗಳ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. "ತಾವರಗೇರಾ ದಾಟಿದ ಮ್ಯಾಲೆ ರಸ್ತಾ ಕವಲ ಒಡೀತು. ಅಲ್ಲಿ ಅಂಥಾ ದೊಡ್ಡ ಊರು ಐತಿ ಅಂತ ನನಗ ಗೊತ್ತ ಇರಲಿಲ್ಲ ನೋಡು. ಎತ್ತರ ಎತ್ತರ ಮನಿ, ಕಲ್ಲ ಹಾಸಿದ ಓಣಿ, ಎಲ್ಲಿ ನೋಡಿದ್ರೂ ನೆರಳು. ಬರೇ ವ್ಯಾಪಾರಸ್ಥರು. ಭಾಳ ಮರ್ಯಾದಿ ಮಂದಿ. ಹೆಂಗಸ್ರು ಒಬ್ರೂ ಕಾಣಲಿಲ್ಲ."

ಅತ್ತೆ ನನ್ನನ್ನು ನೋಡಿದರು. ನಾನು ಪಲ್ಯ ಬಡಿಸಿದೆ.

"ಚಾದ ಅಂಗಡ್ಯಾಗ ಕಾಕಾ ಕುಂತಿದ್ರು. ಆರಾಮ ಅದಾರ. ನನ್ನ ಗುರ್ತ ಹಿಡಿಲಿಲ್ಲ, ಚಾಳೀಸು ಇರಲಿಲ್ಲಲ್ಲ. ಚೀಟು ಬಿಚ್ಚಿ ಕೈಯಾಗ ಅಕ್ಕಿ ಹಾಕಿದೆ. ಮೂಸಿ ನೋಡಿದ್ರು, ಕಣ್ಣಾಗ ನೀರು ಬಂತು. ಇದು ಯಾವೂರಿಂದು ಅಂತ ಕೇಳಿದ್ರು. ಗಂಗಾವತಿದ್ರಿ ಕಾಕಾ ಅಂದೆ. ಹೌದಾ, ಛಲೋ ಊರೇನು ಅಂದ್ರು." ಅವನು ಪಲ್ಯಕ್ಕೆ ರೊಟ್ಟಿ ಅದ್ದಿದ. "ಆಮ್ಯಾಲೆ ಎಲ್ಲಾರೂ ಬಂದು ಕೈ ಒಡ್ಡಿದ್ರು. ಯಾರೂ ರೇಟ್ ಕೇಳಲಿಲ್ಲ, ಮೂಸಿದ್ರು ಅಷ್ಟ. ಊರ ಬಾಗಿಲದಾಗ ಒಬ್ಬಾಂವ ಹೆಗಲ ಮ್ಯಾಲೆ ಕಂಬಳಿ ಹಾಕ್ಕೊಂಡು, ಎತ್ತಿಲ್ಲದ ಬರೇ ಹಗ್ಗ ಹಿಡಕೊಂಡು ನಿಂತಿದ್ದ. ಅವನೂ ಕೈ ಒಡ್ಡಿದ. ಎಲ್ಲಾ ಅಕ್ಕಿ ಖಾಲಿ ಆತು."

ನನ್ನ ಕಣ್ಣಿನ ಮುಂದೆ ದೀಪಿಕಾ ಹಾಕಿದ ಹಸಿರು ಗುರುತು ಬಂತು. ಅವಳಿಗೆ ಇದನ್ನು ಹೇಗೆ ಹೇಳಲಿ?

"ಅಲ್ಲೇ ಇರಬೇಕು ಅನಸ್ತಿತ್ತು," ಅಂದ ಕೊಟ್ರೇಶ. "ಖರೇನ ಹೇಳ್ತೀನಿ, ಕುರ್ಚಿ ಎಳದು ಕುಂತಿದ್ದೆ. ಮಧ್ಯಾನ್ನ ಆತು ನೋಡು, ಯಾರೋ ಎಬ್ಬಿಸಿದಂಗಾತು. ಎದ್ದು ಬಂದುಬಿಟ್ಟೆ."

ಆ ಒಂದು ಪದ ಅವನನ್ನು ಎಬ್ಬಿಸಿತ್ತು. ಅತ್ತೆಯ ಚೆಕ್‌ಪೋಸ್ಟಿಗೆ ಮನಸ್ಸಿನಲ್ಲೇ ಕೈಮುಗಿದೆ. ಸಮಾಧಾನದಲ್ಲಿ, ಮಾತಿಗೆ ಮಾತು ಎಂದು, "ಕಾಕಾ ಕಳಿಸಿಕೊಟ್ರೇನು? ಬರೂ ಮುಂದ ಏನಂತ ಹೇಳಿ ಬಂದ್ರಿ?" ಎಂದು ಕೇಳಿದೆ.

"ಏನ ಹೇಳ್ತೀನಿ? ಅವ್ವ ಕಲಿಸಿದ್ದ ಹೇಳಿದೆ." ರೊಟ್ಟಿ ಮುರಿಯುತ್ತ ಅಂದ. "ಬರ್ತೀನ್ರಿ ಕಾಕಾ ಅಂದೆ. ಊರ ಮಂದಿ ಎಲ್ಲಾ ಎದ್ದು ನಿಂತು ಕೈ ಮುಗದ್ರು."

ಅತ್ತೆ ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ಲೋಟ ತುಂಬಿ ನೀರು ನೆಲದ ಮೇಲೆ ಹರಿದು ಅವನ ತಟ್ಟೆಯ ತಳಕ್ಕೆ ಬಂತು. ಅವರು ತಂಬಿಗೆ ಎತ್ತಲಿಲ್ಲ. ಈ ಮನೆಯಲ್ಲಿ ಬರ್ತೀನಿ ಅಂದವನು ಬರಲಿಲ್ಲ ಅಂತ ಯಾವತ್ತೂ ಆಗಿಲ್ಲ.

ಬೆಳಗ್ಗೆ ಪಾಠ ತೆರೆಯಿತು. 'ನಗರದವರು ಚಹಾದಂಗಡಿಯಲ್ಲಿ ಅವನ ಕುರ್ಚಿಯನ್ನು ಹಾಗೆಯೇ ಬಿಟ್ಟಿದ್ದಾರೆ.' 'ಅವನು ಮಾತು ಕೊಟ್ಟಿದ್ದಾನೆ.' 'ನಗರದವರಿಗೆ ಅವಸರ ಇಲ್ಲ.' ಚೌಕದಲ್ಲಿ ಏನು ಬರೆದರೂ ಅವನು ಆಡಿದ ಮಾತು ಅಳಿಯುವುದಿಲ್ಲ. ನಾನು ಫೋನ್ ಮುಚ್ಚಿ, ಬೈಕಿನ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಕೊಟ್ರೇಶ ಸ್ನಾನ ಮಾಡಿ, ಅಂಗಿ ತೊಟ್ಟು, ಹೊಸ ಚೀಟುಗಳನ್ನು ಜೇಬಿಗೆ ಹಾಕಿಕೊಂಡ. ಕೀಲಿ ಕೇಳಲಿಲ್ಲ. ಬೈಕಿನ ಕಡೆ ನೋಡಲೂ ಇಲ್ಲ. ಚಪ್ಪಲಿ ಮೆಟ್ಟಿ, ಬಯಲಿನ ಕಡೆ ಮುಖ ಮಾಡಿ, ಬರಿಗಾಲಿನಷ್ಟು ಮೆತ್ತಗೆ ಹೆಜ್ಜೆ ಹಾಕುತ್ತ ಹೊರಟ.

ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ತಮ್ಮ ಜನ್ಮದಲ್ಲಿ ಆಡದ ಮಾತನ್ನು ಆಡಿದರು.

"ಎಲ್ಲಿಗೆ ಹೊಂಟೀಯೋ ಮಗನ?"

ಅವನು ನಿಂತ. ಚಿಕ್ಕಂದಿನಿಂದ ಕಲಿತದ್ದು ಕಾಲಿಗೆ ನೆನಪಿತ್ತು. ತಿರುಗಿ ಬಂದು, ಚಪ್ಪಲಿ ಬಿಚ್ಚಿ, ಒಳಗೆ ಕೂತ. ನಾನು ನೀರು ತಂದುಕೊಟ್ಟೆ. ನಿಧಾನ ಕುಡಿಯಿರಿ ಅಂದೆ. ಕುಡಿದು ಲೋಟ ಕೆಳಗಿಟ್ಟ, ಎದ್ದ, ಮತ್ತೆ ಬಾಗಿಲಿಗೆ ನಡೆದ.

ಅತ್ತೆ ಮತ್ತೆ ಕೇಳಿದರು.